ಚಂದ್ರವಳ್ಳಿಯ ಖಂಜನ

ಅಕ್ಕಮಹಾದೇವಿಯು ಗಿಳಿ, ಕೋಗಿಲೆ, ಹಂಸೆ, ನವಿಲುಗಳನ್ನು ಕರೆದು ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳಿದಳು. ಆ ವಚನವನ್ನು ಕಂಠಪಾಠವಾಗಿ ಒಪ್ಪಿಸುವ ವಿದ್ಯಾರ್ಥಿಗಳು ಅನೇಕರು; ಅಲ್ಲಿ ಬರುವ ಹಕ್ಕಿಗಳನ್ನು ನಿಂತು ನೋಡಿದವರು ವಿರಳ. ಈ ಕೊರತೆಯನ್ನು ನೀಗಲೆಂದೇ ಆಶ್ವಯುಜ ಮಾಸದ ಒಂದು ಭಾನುವಾರ ಪ್ರೌಢಶಾಲೆಯ ಮಕ್ಕಳ ತಂಡವೊಂದು ಕನ್ನಡ ಉಪಾಧ್ಯಾಯರೊಡನೆ ಚಂದ್ರವಳ್ಳಿಗೆ ತೆರಳಿತು.

ಚಿತ್ರದುರ್ಗದ ಬೆಟ್ಟಗಳ ಮಡಿಲಲ್ಲಿರುವ ಈ ಕಣಿವೆ ಇತಿಹಾಸದ ಭಂಡಾರ. 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಇಲ್ಲಿ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳೊಡನೆ ರೋಮಿನ ನಾಣ್ಯಗಳೂ ಈ ನೆಲದಲ್ಲಿ ದೊರೆತಿವೆ. ಭೈರವೇಶ್ವರ ದೇಗುಲದ ಬಳಿಯ ಬಂಡೆಯಲ್ಲಿರುವ ಪ್ರಾಕೃತ ಶಾಸನವು ಕದಂಬ ಮಯೂರಶರ್ಮನ ತಟಾಕವನ್ನು ಸ್ಮರಿಸುತ್ತದೆ.

ಬೆಟ್ಟದ ಇಳಿಜಾರಿನಲ್ಲಿ ಮೊದಲು ಕಂಡದ್ದು ಆ ಅರಸನ ಹೆಸರಿನ ಹಕ್ಕಿಯೇ. ಆದರೆ ಅದಕ್ಕೆ ಉದ್ದನೆಯ ಗರಿಗಳಿರಲಿಲ್ಲ. ಮಕ್ಕಳು ನಕ್ಕರು. ಮಳೆಗಾಲ ಕಳೆದೊಡನೆ ಗಂಡುನವಿಲು ಗರಿಗಳನ್ನು ಉದುರಿಸುವುದೆಂದೂ, ಶರತ್ಕಾಲವು ನವಿಲಿನ ಗರ್ವವನ್ನು ಇಳಿಸುವುದೆಂದು ಕವಿಗಳು ಬಣ್ಣಿಸಿದ್ದು ಬರಿಯ ಕಲ್ಪನೆಯಲ್ಲವೆಂದೂ ಉಪಾಧ್ಯಾಯರು ತಿಳಿಸಿದರು.

ಕೆರೆಯಂಚಿನಲ್ಲಿ ಬೂದು ಬೆನ್ನಿನ, ಹಳದಿ ಹೊಟ್ಟೆಯ ಪುಟ್ಟ ಹಕ್ಕಿಯೊಂದು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಓಡಾಡುತ್ತಿತ್ತು. "ಇದೇ ಖಂಜನ. ಕವಿಗಳು ಹೆಣ್ಣಿನ ಚಂಚಲ ನೇತ್ರಗಳನ್ನು ಹೋಲಿಸುವುದು ಇದಕ್ಕೆ" ಎಂದರು ಉಪಾಧ್ಯಾಯರು.

ತರಗತಿಯಲ್ಲಿ ಎಂದೂ ಬಾಯಿಬಿಡದ ಹಳ್ಳಿಯ ಬಾಲಕನೊಬ್ಬ ಹಿಂದಿನಿಂದ, "ನಮ್ಮ ಕಡೆ ಇದಕ್ಕೆ ಬ್ಯಾರೆ ಹೆಸರೈತೆ, ಸಾರ್" ಎಂದು ತಡವರಿಸಿದ. ಒತ್ತಾಯಿಸಿದ ಮೇಲೆ ಹೇಳಿದ: "ಕುಂಡೆಕುಸ್ಕ." ಎಲ್ಲರೂ ಗೊಳ್ಳೆಂದು ನಕ್ಕರು, ಬಾಲಕ ತಲೆ ತಗ್ಗಿಸಿದ.

ಉಪಾಧ್ಯಾಯರು ನಗಲಿಲ್ಲ. "ಖಂಜ ಎಂದರೆ ಕುಂಟ. ಕುಂಟುವಂತೆ ನಡೆಯುವುದರಿಂದ ಖಂಜನ. ಹಿಂಬದಿಯನ್ನು ಕುಲುಕುವುದರಿಂದ ಕುಂಡೆಕುಸ್ಕ. ಎರಡು ಹೆಸರೂ ಹಕ್ಕಿಯನ್ನು ಕಣ್ಣಾರೆ ಕಂಡವರೇ ಇಟ್ಟವು. ಇದು ಯಾವಾಗ ಬರುತ್ತದೆ, ಹೇಳಪ್ಪ?"

"ಹಿಂಗಾರಿ ಬಿತ್ತನೆ ಹೊತ್ತಿಗೆ ಬರ್ತೈತೆ, ಸಾರ್. ಬ್ಯಾಸಿಗೇಲಿ ಇರಲ್ಲ."

ಆ ಮಾತು ನಿಜ. ಹಿಮಾಲಯ ಹಾಗೂ ಅದರಾಚೆಯ ಶೀತಪ್ರದೇಶಗಳಲ್ಲಿ ಮರಿಮಾಡುವ ಈ ಹಕ್ಕಿ ಶರತ್ಕಾಲಕ್ಕೆ ದಕ್ಷಿಣಕ್ಕಿಳಿದು, ಬೇಸಿಗೆಯ ಹೊತ್ತಿಗೆ ಮರಳುತ್ತದೆ. ಕವಿ, ಕೃಷಿಕ, ವಿಜ್ಞಾನಿ ಮೂವರೂ ಒಂದೇ ಸತ್ಯಕ್ಕೆ ಸಾಕ್ಷಿಗಳು.

ಅಂದು ಮಕ್ಕಳು ಬರೆದ ಪಟ್ಟಿಯಲ್ಲಿ ಎರಡು ಹೆಸರುಗಳೂ ಅಕ್ಕಪಕ್ಕದಲ್ಲಿ ನಿಂತವು. ಶಾಲೆಗೆ ಬರುವ ಮಗು ಬರಿಗೈಯಲ್ಲಿ ಬರುವುದಿಲ್ಲ. ಹೊಲದ ವಿದ್ಯೆಯೊಂದನ್ನು ಹೊತ್ತೇ ಬರುತ್ತದೆ. ಅದನ್ನು ಗೌರವಿಸುವುದು ಗುರುವಿನ ಧರ್ಮ. ಹಾಗೆಯೇ, ದೂರದಿಂದ ಬರುವ ಈ ಅತಿಥಿಗಳಿಗಾಗಿ ಕೆರೆಯ ನೀರನ್ನೂ ದಡವನ್ನೂ ನಿರ್ಮಲವಾಗಿ ಕಾಯುವುದು ದುರ್ಗದ ಜನರೆಲ್ಲರ ಹೊಣೆ.