ಅಮೃತಶಿಲೆಯೂ ಹುಣಸೆಹಣ್ಣೂ

ಮನುಷ್ಯನ ದುರಾಸೆಗಳಲ್ಲಿ ಕೆಲವು ದೊಡ್ಡವು, ಕೆಲವು ಚಿಕ್ಕವು. ನನ್ನದು ಚಿಕ್ಕದು. ಊಟದ ಮನೆಯಲ್ಲಿ ಕೈತೊಳೆಯುವುದಕ್ಕೆ ಅಮೃತಶಿಲೆಯ ಬೇಸಿನ್ನೊಂದು ಇರಬೇಕೆಂಬುದು. ಹಳೆಯ ಪಿಂಗಾಣಿಯ ಬೇಸಿನ್ನು ಬಿರುಕು ಬಿಟ್ಟಿತ್ತು. ಆಸೆಗೆ ಅಷ್ಟು ನೆಪ ಸಾಕಾಯಿತು.

ನಾನೂ ನನ್ನಾಕೆಯೂ ಅಂಗಡಿಗೆ ಹೋದೆವು. ಅಂಗಡಿಯವನು ಮೊದಲು ಗ್ರಾನೈಟಿನದನ್ನು ತೋರಿಸಿ, "ಏನು ಮಾಡಿದರೂ ಜಗ್ಗುವುದಿಲ್ಲ ಸಾರ್" ಎಂದ. ರುಬ್ಬುವ ಕಲ್ಲು, ಒಗೆಯುವ ಕಲ್ಲು ಎಂದು ಹುಟ್ಟಿದಾರಭ್ಯ ಕರಿಯ ಕಲ್ಲನ್ನೇ ಕಂಡ ನನ್ನ ಕಣ್ಣು ಮೂಲೆಯಲ್ಲಿದ್ದ ಮಕರಾಣದ ಬಿಳಿಯ ಬೇಸಿನ್ನಿನ ಮೇಲೆ ಬಿತ್ತು. ತಾಜಮಹಲಿಗೂ ಕಲ್ಕತ್ತೆಯ ವಿಕ್ಟೋರಿಯಾ ಸ್ಮಾರಕಕ್ಕೂ ಹೋದ ಕಲ್ಲು ನಮ್ಮ ಮನೆಗೆ ಬರುತ್ತೇನೆಂದರೆ ಬೇಡವೆನ್ನಲು ನಾನಾರು? ಅದರಲ್ಲಿ ಮೆರುಗು ಕೊಟ್ಟದ್ದೂ ಇತ್ತು, ಕೊಡದ್ದೂ ಇತ್ತು. ಮೆರುಗಿಲ್ಲದ್ದೇ ವಾಸಿ ಎಂದಳು ನನ್ನಾಕೆ. ನಾನು ಹೊಳೆಯುವುದನ್ನೇ ಹಿಡಿದೆ. ಗೆಲುವು ನನ್ನದಾಯಿತು.

ಆ ಬೇಸಿನ್ನಿನಿಂದ ನಿಜವಾಗಿ ಸಂತೋಷಪಟ್ಟವರು ನಮ್ಮ ತಾಯಿ. ಬಣ್ಣಕ್ಕಲ್ಲ, ಅಗಲಕ್ಕೆ. ಮಂಡಿನೋವಿನಿಂದ ಹಿತ್ತಿಲ ನಲ್ಲಿಯ ಬಳಿ ಕುಕ್ಕುರುಗಾಲಿನಲ್ಲಿ ಕೂರುವುದು ಅವರಿಗೆ ಕಷ್ಟವಾಗಿತ್ತು. ಈಗ ನಿಂತುಕೊಂಡೇ ದೇವರ ದೀಪಗಳನ್ನು ತೊಳೆಯಬಹುದಲ್ಲ! ಗುರುವಾರ ಸಂಜೆ ಹುಣಸೆಹಣ್ಣು ಹಚ್ಚಿ ದೀಪ, ಹರಿವಾಣ, ಪಂಚಪಾತ್ರೆಗಳನ್ನೆಲ್ಲ ತಿಕ್ಕಿ ತೊಳೆದು, ಹುಣಸೆಯ ಉಂಡೆಯನ್ನು ಬೇಸಿನ್ನಿನ ಅಂಚಿನಲ್ಲಿ ಮರೆತರು. ಬೆಳಗ್ಗೆ ನೋಡಿದರೆ ಅಲ್ಲಿ ಉಂಗುರದಷ್ಟು ಜಾಗ ಮಂಕಾಗಿತ್ತು.

"ಇದು ಪಾತ್ರೆ ತಿಕ್ಕುವ ಜಾಗವಲ್ಲ ಎಂದು ಎಷ್ಟು ಸಲ ಹೇಳಲಮ್ಮಾ?" ಎಂದು ರೇಗಿದೆ. ಹಿಂದೆ ಒಂದು ಸಲವೂ ಹೇಳಿರಲಿಲ್ಲ. ಅವರು "ಆಗಲಪ್ಪ" ಎಂದಷ್ಟೇ ಹೇಳಿ ದೇವರ ಮನೆಗೆ ಹೋದರು.

ಮಂಕನ್ನು ಕಳೆಯಲು ಸೋಪಿನಿಂದ ಉಜ್ಜಿದೆ, ಹೋಗಲಿಲ್ಲ. ನಲ್ಲಿಯ ಸುತ್ತ ಕೊಳವೆಬಾವಿಯ ನೀರಿನ ಬಿಳಿಯ ಕರೆಯೂ ಕಟ್ಟಿತ್ತು. ಎರಡನ್ನೂ ಒಂದೇ ಏಟಿಗೆ ತೀರಿಸೋಣವೆಂದು, ಬಚ್ಚಲು ತೊಳೆಯುವ ಆಸಿಡ್ಡನ್ನು ತಂದು ಸುರಿದೆ. ಬುಸ್ಸೆಂದು ನೊರೆ ಎದ್ದಿತು. ಕೊಳೆ ಓಡುತ್ತಿದೆಯೆಂದು ಹಿಗ್ಗಿದೆ. ನೀರು ಹೊಯ್ದು ನೋಡಿದರೆ ಕರೆಯೇನೋ ಹೋಗಿತ್ತು. ಅದರೊಡನೆ ಅಂಗೈಯಗಲದ ಮೆರುಗೂ ಹೋಗಿತ್ತು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮಿತ್ರರಿಗೆ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೊರೆ ಎದ್ದದ್ದು ನಿಮ್ಮ ಕಲ್ಲಿನಿಂದಲೇ, ಸ್ವಾಮಿ!" ಅಮೃತಶಿಲೆಯೆಂದರೆ ಭೂಗರ್ಭದ ಕಾವಿನಲ್ಲಿ, ಒತ್ತಡದಲ್ಲಿ ರೂಪಾಂತರಗೊಂಡ ಸುಣ್ಣದ ಕಲ್ಲು, ಕ್ಯಾಲ್ಸಿಯಂ ಕಾರ್ಬೊನೇಟು. ನೀರಿನ ಬಿಳಿಯ ಕರೆಯೂ ಬಹುಮಟ್ಟಿಗೆ ಅದೇ. ಕರೆಯನ್ನು ಕರಗಿಸುವ ಆಮ್ಲ ಕಲ್ಲನ್ನೂ ತಿನ್ನುತ್ತದೆ. ಹುಣಸೆಯ ಟಾರ್ಟಾರಿಕ್ ಆಮ್ಲ, ನಿಂಬೆಯ ಸಿಟ್ರಿಕ್ ಆಮ್ಲ ಮಾಡುವುದೂ ಇದನ್ನೇ, ನಿಧಾನವಾಗಿ. ಅಮ್ಮನ ಉಂಗುರ ಕಲೆಯಲ್ಲ, ಗಾಯ, ಉಜ್ಜಿದರೆ ಹೋಗುವುದಲ್ಲ. ಸಾರು, ಗೊಜ್ಜು, ಉಪ್ಪಿನಕಾಯಿ ಉಂಡ ಕೈಗಳು ಬಂದು ತೊಳೆಯುವ ಜಾಗದಲ್ಲಿ ನಾನು ಎಂಥ ಕಲ್ಲನ್ನು ಕೂರಿಸಿದ್ದೆ!

ಉಪಚಾರವನ್ನೂ ಅವರೇ ಹೇಳಿಕೊಟ್ಟರು. ಖಾರವೂ ಹುಳಿಯೂ ಇಲ್ಲದ ಸೌಮ್ಯವಾದ ಸೋಪು, ಮೆತ್ತನೆಯ ಬಟ್ಟೆ; ಪ್ರತಿ ಸಲವೂ ನೀರು ನಿಲ್ಲದಂತೆ ಒರೆಸುವುದು. ಕಲ್ಲಿಗೆ ಹೀರಿಸುವ ರಕ್ಷಕ ದ್ರವವಿದೆ. ಅದು ಎಣ್ಣೆ, ಅರಿಶಿನ ಬೇಗ ಇಳಿಯದಂತೆ ತಡೆಯುತ್ತದೆ, ಹುಳಿಯನ್ನು ತಡೆಯದು. ಒಂದು ಹನಿ ನೀರು ಬಿಟ್ಟಾಗ ಕಲ್ಲು ಕಪ್ಪಿಟ್ಟರೆ ಅದನ್ನು ಮತ್ತೆ ಹಚ್ಚಬೇಕು. ಎಣ್ಣೆಯ ಕಲೆಗೆ ಮುಲ್ತಾನಿ ಮಣ್ಣನ್ನು ಕಲಸಿ ಬಳಿದು ಒಣಗಲು ಬಿಡಬೇಕು. ತಾಜಮಹಲಿನ ಗೋಡೆಗಳ ಕೊಳೆಗೂ ಪುರಾತತ್ತ್ವ ಇಲಾಖೆಯವರು ಹಚ್ಚುವುದು ಅದನ್ನೇ.

ಇಷ್ಟೆಲ್ಲ ಕಲಿತು ಮುಂದಿನ ಗುರುವಾರ ಮನೆಗೆ ಬಂದಾಗ ಹಿತ್ತಿಲಲ್ಲಿ ಪಾತ್ರೆಯ ಸದ್ದು ಕೇಳಿಸಿತು. ಅಮ್ಮ ಒಂದು ಕೈಯನ್ನು ಗೋಡೆಗೆ ಊರಿ, ಇನ್ನೊಂದು ಕೈಯಲ್ಲಿ ದೀಪ ಬೆಳಗುತ್ತಿದ್ದರು. ಏಳಲು ಒಮ್ಮೆ ಪ್ರಯತ್ನಿಸಿ ಮತ್ತೆ ಕುಳಿತರು. ಒಳಗೆ ಬೇಸಿನ್ನು ಒಣಗಿ, ಬೆಳ್ಳಗೆ, ಸುಖವಾಗಿತ್ತು.

"ಏಳಮ್ಮ, ಒಳಗೆ ಬಾ" ಎಂದು ಕೈಹಿಡಿದೆ.

"ಕಲ್ಲು ಕೆಡುತ್ತೆ ಅಂದೆಯಲ್ಲಪ್ಪ?"

"ಕೆಡಿಸಿದವನು ನಾನು. ನಿನ್ನದು ಉಂಗುರದಷ್ಟು, ನನ್ನದು ಅಂಗೈಯಷ್ಟು."

ಈಗ ಗುರುವಾರ ಸಂಜೆ ಬೇಸಿನ್ನಿನೊಳಗೆ ಒಂದು ಪ್ಲಾಸ್ಟಿಕ್ ಟಬ್ಬು ಕೂರುತ್ತದೆ. ಅಮ್ಮ ನಿಂತುಕೊಂಡೇ ಅದರಲ್ಲಿ ದೀಪ ತೊಳೆಯುತ್ತಾರೆ; ಹುಳಿನೀರನ್ನು ಹೊರಗೆ ಚೆಲ್ಲುವುದು ನನ್ನ ಪಾಲಿನ ಕೆಲಸ. ಕಲ್ಲಿನ ಕೆಲಸದವನನ್ನು ಕರೆಸಿ ಇಡೀ ಬೇಸಿನ್ನಿನ ಮೆರುಗನ್ನು ತೆಗೆಸಿದೆ. ಇನ್ನು ಹುಳಿ ತಾಗಿದರೂ ಅಷ್ಟಾಗಿ ಎದ್ದು ಕಾಣುವುದಿಲ್ಲ.

"ಮೆರುಗಿಲ್ಲದ್ದನ್ನೇ ತರೋಣವೆಂದು ಅಂಗಡಿಯಲ್ಲಿಯೇ ಹೇಳಿದ್ದೆನಲ್ಲ?" ಎಂದಳು ನನ್ನಾಕೆ. ನಾನು ಬಟ್ಟೆ ತೆಗೆದುಕೊಂಡು ಬೇಸಿನ್ನನ್ನು ಒರೆಸತೊಡಗಿದೆ.