ಒಂದು ಅಗಳು ನೋಡಿ ಹೇಳ್ಲಿಕ್ಕ ಬರ್ತದೇನು?

ಇಂಜಿನ್ ಅಂದ್ರ ನಮ್ಮ ಕಡಿ ವಾಡಿ ಜಂಕ್ಷನ್ನಿನ ರೈಲೇ ನೆನಪಾಗ್ತದ. ಆದ್ರ ಚೆಸ್ ಆಡೋ ಕಂಪ್ಯೂಟರ್ ಪ್ರೋಗ್ರಾಮಿಗೂ ಇಂಜಿನ್ ಅಂತಾರ್ರಿ. 1997ರ ಮೇ ತಿಂಗಳದಾಗ ಐಬಿಎಂ ಕಂಪನಿಯ ಡೀಪ್ ಬ್ಲೂ ಅನ್ನೋ ಮಷಿನ್ ಜಗಜಟ್ಟಿ ಕಾಸ್ಪರೋವ್‌ನ ಸೋಲಿಸ್ತು. ಇನ್ನ ಮನುಷ್ಯಾರ ಕತಿ ಮುಗೀತು ಅಂತ ಎಲ್ಲಾ ಕಡಿ ಮಾತಾತು. ಆಡಿದ್ದು ಎಷ್ಟು? ಬರೇ ಆರು ಆಟ. ಮೂರೂವರಿ–ಎರಡೂವರಿ. ಹಿಂದಿನ ವರ್ಷ ಆರು ಆಟದಾಗ ಅದೇ ಡೀಪ್ ಬ್ಲೂ 4–2ಕ್ಕ ಸೋತಿತ್ತು. ನಡುವ ಮಷಿನ್ ಸುಧಾರ್ಸಿದ್ರು ಖರೆ, ಆದ್ರ ಮೂರನೇ ಸರ್ತಿ ಆಡಿಸ್ಲೇ ಇಲ್ಲ.

ಈ ಸೂಟ್ಯಾಗ ನಮ್ಮ ಮಗನೂ ಲ್ಯಾಪ್‌ಟಾಪಿನ್ಯಾಗ ಎರಡು ಇಂಜಿನ್ ಜಗಳಕ್ಕ ಹಚ್ಚಿದ್ದ. ಹತ್ತು ಆಟದಾಗ ರೊಕ್ಕದ್ದು ಏಳು ಗೆದ್ದಿತು, ಪುಕ್ಕಟೆ ಸಿಗೋದು ಮೂರು. "ಅವ್ವಾ, ಇದೇ ಭಾರಿ ಅದ, ರೊಕ್ಕ ಕೊಡು" ಅಂತ ಬೆನ್ನು ಹತ್ತಿದ. "ಮೊದ್ಲು ಒಂದು ರೂಪಾಯಿ ತಗೊಂಡು ಹತ್ತು ಸಲ ಹಾರ್ಸಪಾ" ಅಂದೆ. ಪಿಯುಸಿಯಾಗ ಓದಿದ ಲೆಕ್ಕ, ಇನ್ನೂ ತಲ್ಯಾಗ ಅದ. ಹತ್ತು ಸಲ ಹಾರ್ಸಿದ್ರ 1024 ನಮೂನಿ ಬೀಳಬಹುದು. ಅದರಾಗ 352 ನಮೂನಿ ಏಳು–ಮೂರು, ಇಲ್ಲಾ ಅದಕ್ಕೂ ವಾಲಿದ್ದು. ಅಂದ್ರ ಇಬ್ರೂ ತಕ್ಕಡಿ ತೂಗಿದಂಗ ಸಮ ಇದ್ರೂ, ಮೂರು ಸರ್ತಿಗೆ ಒಂದು ಸರ್ತಿ ಒಬ್ಬಾಂವ ಹಿಂಗ ಗೆದ್ದೇ ಗೆಲ್ತಾನ. ಹತ್ತಕ್ಕ ಹತ್ತೂ ಗೆದ್ದಿದ್ರ ಮಾತೇ ಬ್ಯಾರೆ. ಸಮ ಇದ್ದೋರಾಗ ಅದು 1024ಕ್ಕ ಎರಡೇ ಸಲ. ರೊಕ್ಕ ಕೊಡ್ಲಿಲ್ಲ. ಸಿಟ್ಟು ಮಾಡ್ಕೊಂಡು ಉಣ್ಣಲಾರ್ದೆ ಮಲ್ಕೊಂಡ, ಇರ್ಲಿ.

ನಮ್ಮತ್ತಿ ಮಾತ್ರ ಅವನ ಕಡಿ. "ಅನ್ನ ಬೆಂದದೇನು ನೋಡ್ಲಿಕ್ಕ ಒಂದು ಅಗಳು ಸಾಕಲ್ಲವ್ವ" ಅಂದ್ರು. ಖರೇನೇ. ಒಂದೇ ಚೀಲದ ಅಕ್ಕಿ, ಒಂದೇ ನೀರು, ಒಂದೇ ಉರಿ, ಅದಕ್ಕ ಸಾಕು. ಹಳೀ ತೊಗರಿಬ್ಯಾಳಿಗೆ ಹೊಸದು ಕಲಿಸಿ ಕುದಿಸಿ ನೋಡ್ರಿ. ಒಂದು ಬ್ಯಾಳಿ ಹಿಟ್ಟಾಗಿರ್ತದ, ಅದರ ಬಾಜೂದು ಹಲ್ಲಿಗೆ ಕಟ್ ಅಂತದ. ಚೆಸ್ ಆಟ ಈ ಬ್ಯಾಳಿ ಇದ್ದಂಗ. ಅತ್ತೀಗೆ ಹಿಂಗ ಹೇಳಿದ್ರ ನಕ್ಕು ಸುಮ್ಮನಾದ್ರು.

ದೊಡ್ಡ ಕಂಪನಿಯೋರ ಕತೀನೂ ನೋಡ್ರಿ. 2017ರ ಡಿಸೆಂಬರದಾಗ ಡೀಪ್‌ಮೈಂಡ್‌ನೋರು ತಮ್ಮ ಆಲ್ಫಾಝೀರೋ ಸ್ಟಾಕ್‌ಫಿಶ್ ಮ್ಯಾಲ ನೂರು ಆಟದಾಗ 28 ಗೆದ್ದು 72 ಡ್ರಾ ಮಾಡ್ಯದ, ಒಂದೂ ಸೋತಿಲ್ಲ ಅಂದ್ರು. ಇದಕ್ಕ ಸೋಲೇ ಇಲ್ಲ ಅಂತ ಮಂದಿ ತಿಳ್ಕೊಂಡ್ರು. ಮುಂದಿನ ವರ್ಷ ಸಾವಿರ ಆಟದ ಲೆಕ್ಕ ಹೊರಗ ಬಂತು: 155 ಗೆಲುವು, ಆರು ಸೋಲು, ಉಳಿದದ್ದು ಡ್ರಾ. ಆಟದ ಕಟ್ಟಳೆ ಸ್ವಲ್ಪ ಬ್ಯಾರೆ ಇತ್ತು. ಅದು ಜೋರು ಅನ್ನೋದು ಸುಳ್ಳಾಗ್ಲಿಲ್ಲ, ಸೋಲೇ ಇಲ್ಲ ಅನ್ನೋದು ಹೋಯ್ತು.

ಸ್ಟಾಕ್‌ಫಿಶ್ ಮಾಡೋರು 2013ರಿಂದ ಫಿಶ್‌ಟೆಸ್ಟ್ ಅಂತ ನಡಸ್ತಾರ. ಇಂಜಿನ್ನಿನಾಗ ಒಂದು ಸಣ್ಣ ಬದಲಾವಣಿ ಮಾಡಿದ್ರೂ, ಮಂದಿ ಪುಕ್ಕಟೆ ಕೊಟ್ಟ ಕಂಪ್ಯೂಟರಿನ್ಯಾಗ ಸಾವಿರಗಟ್ಲೆ ಆಟ ಆಡಸ್ತಾರ. ಅದೂ ಬ್ಯಾರೆ ಬ್ಯಾರೆ ಓಪನಿಂಗ್ ಕೊಟ್ಟು, ಬಿಳಿ-ಕರಿ ಅದಲುಬದಲು ಮಾಡಿ. ಇಲ್ಲಂದ್ರ ಒಂದೇ ಆಟ ಹತ್ತು ಸಲ ಎಣಿಸಿದಂಗ ಆಗ್ತದ. ಹತ್ತು ಎಲೋ ಅಂಕದ ಫರಕು ಅಂದ್ರ ನೂರು ಆಟಕ್ಕ ಐವತ್ತೊಂದೂವರಿ ಅಂಕ ಅಷ್ಟೇ. ನೂರೇ ಆಟ ಆಡಿಸಿ ಅದನ್ನ ಹುಡಕೋದಂದ್ರ, ತೊಗರಿ ರಾಶ್ಯಾಗ ಎಳ್ಳು ಆರಿಸಿದಂಗ.