ಭಯಕ್ಕೆ ಸಿಕ್ಕ ರಿಯಾಯಿತಿ

ಬಾನೆಟ್ ಎತ್ತಿ ಇಂಜಿನ್ ತೋರಿಸಿ ಎಂದು ಕೇಳಿದವರಿಗೆ ನನ್ನ ಕಾರು ನಿರಾಸೆಯನ್ನೇ ಮಾಡುತ್ತದೆ. ಮುಂದೆ ಎತ್ತಿದರೂ ಡಿಕ್ಕಿ, ಹಿಂದೆ ಎತ್ತಿದರೂ ಡಿಕ್ಕಿ. ಇಂಜಿನ್ ಇರುವುದು ನಡುವೆ, ಎರಡೇ ಎರಡು ಸೀಟುಗಳ ಬೆನ್ನ ಹಿಂದೆ, ಕಣ್ಣಿಗೆ ಬೀಳದ ಹಾಗೆ. ಎಣ್ಣೆ ಸುರಿಯಲು ಒಂದು ಬಾಯಿ, ಕೂಲೆಂಟಿಗೆ ಒಂದು ಬಾಯಿ, ಇಷ್ಟು ಮಾತ್ರ ಹಿಂದಿನ ಡಿಕ್ಕಿಯಲ್ಲಿ ಕಾಣುತ್ತವೆ. ಇಡೀ ಖರ್ಚಿನ ಮೂಲ ಯಾವುದೋ ಅದನ್ನೇ ನೋಡಲಾಗದು.

2002ರ ಪೋರ್ಷೆ ಬಾಕ್ಸ್‌ಸ್ಟರ್ ಎಸ್. 3.2 ಲೀಟರಿನ ಆರು ಸಿಲಿಂಡರ್, 250 ಅಶ್ವಶಕ್ತಿ, ಕೈಯಲ್ಲಿ ಹಾಕುವ ಆರು ಗೇರು. ಹೊಸದರಲ್ಲಿ ಅಮೆರಿಕದಲ್ಲಿ ಇದರ ಬೆಲೆ 50,000 ಡಾಲರ್ ದಾಟುತ್ತಿತ್ತು. 2019ರಲ್ಲಿ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದದ್ದು 12,000ಕ್ಕೆ. ಊರಿನಿಂದ ಫೋನ್ ಮಾಡಿದ ಅಣ್ಣ ಪೋರ್ಷೆ ಎಂಬ ಹೆಸರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಬೆಲೆ ಕೇಳಿ ಇನ್ನೂ ಹೆಚ್ಚು ಹೊತ್ತು ಸುಮ್ಮನಾದ. ಆಮೇಲೆ, "ಏನೋ ಐಬಿರಬೇಕು ಕಣೋ" ಅಂದ.

ಐಬಿತ್ತು. ಅದು ಜಗಜ್ಜಾಹೀರಾಗಿತ್ತು ಕೂಡ. ತೊಂಬತ್ತರ ದಶಕದ ಆರಂಭದಲ್ಲಿ ಪೋರ್ಷೆ ಕಂಪನಿ ಮುಳುಗುವ ಹಂತಕ್ಕೆ ಬಂದಿತ್ತು. ಅದನ್ನು ಮೇಲೆತ್ತಿದ ಕಾರುಗಳಲ್ಲಿ ಬಾಕ್ಸ್‌ಸ್ಟರ್ ಮುಖ್ಯವಾದದ್ದು. ಖರ್ಚು ಉಳಿಸಲು ಇದಕ್ಕೂ ಹೊಸ 911ಕ್ಕೂ ಎಷ್ಟೋ ಭಾಗಗಳನ್ನು ಒಂದೇ ಮಾಡಿದರು. ನೀರಿನಿಂದ ತಣಿಸುವ ಹೊಸ ಇಂಜಿನ್ ಬಂತು, ಹೆಸರು ಎಂ96. ಅದರೊಳಗೆ ಮಧ್ಯಂತರ ದಂಡವೊಂದಿದೆ. ಕ್ರ್ಯಾಂಕಿನ ತಿರುಗಾಟವನ್ನು ಚೈನುಗಳ ಮೂಲಕ ವಾಲ್ವ್ ತೆರೆಯುವ ಕ್ಯಾಮುಗಳಿಗೆ ದಾಟಿಸುವುದು ಅದರ ಕೆಲಸ. ಆ ದಂಡದ ಒಂದು ತುದಿ ನಿಂತಿರುವುದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಬಾಲ್ ಬೇರಿಂಗಿನ ಮೇಲೆ. ಬೇರಿಂಗಿನ ಗ್ರೀಸು ಹೊರಬಾರದಂತೆ ಸೀಲ್ ಮಾಡಿರುತ್ತಾರೆ. ವರ್ಷಗಳು ಕಳೆದಂತೆ ಸೀಲು ಗಡುಸಾಗುತ್ತದೆ, ಗ್ರೀಸು ತೊಳೆದುಹೋಗುತ್ತದೆ, ಕೊನೆಗೆ ಗುಂಡುಗಳು ಸವೆಯುತ್ತವೆ. ಅದು ಮುರಿದರೆ ದಂಡ ಓಲಾಡುತ್ತದೆ, ಚೈನಿನ ಲೆಕ್ಕ ತಪ್ಪುತ್ತದೆ, ಪಿಸ್ಟನ್ನು ಹೋಗಿ ವಾಲ್ವಿಗೆ ಬಡಿಯುತ್ತದೆ. ಆಮೇಲೆ ರಿಪೇರಿ ಎಂಬ ಮಾತಿಲ್ಲ. ಬೇರೆ ಇಂಜಿನ್ ತರಬೇಕು, ಅದರ ಬೆಲೆ ಕಾರಿನ ಬೆಲೆಯನ್ನೂ ಮೀರುತ್ತದೆ.

ಇದರ ಮೇಲೆ ಅಮೆರಿಕದಲ್ಲಿ ಸಾಮೂಹಿಕ ಮೊಕದ್ದಮೆ ನಡೆದು 2013ರಲ್ಲಿ ರಾಜಿಯಾಯಿತು. ಪರಿಹಾರಕ್ಕೆ ಕಾರಿನ ವಯಸ್ಸಿನ ಮಿತಿಯಿತ್ತು, ನಾನು ಕೊಳ್ಳುವ ಹೊತ್ತಿಗೆ ಅದೆಲ್ಲ ಮುಗಿದ ಕಥೆ. ಆಗ ಹೊರಬಂದ ಅಂಕಿಯ ಪ್ರಕಾರ ಒಂದೇ ಸಾಲು ಗುಂಡುಗಳಿರುವ, ಅಂದರೆ ನನ್ನ ಕಾಲದ ಕಾರುಗಳಲ್ಲಿ ಕೆಡುವ ಪ್ರಮಾಣ ನೂರಕ್ಕೆ ಸುಮಾರು 8. ಅಂದರೆ 92 ಕಾರುಗಳಿಗೆ ಏನೂ ಆಗುವುದಿಲ್ಲ. ಆದರೆ ಯಾವ 92 ಎಂದು ಹೇಳುವವರಿಲ್ಲವಲ್ಲ, ಹಾಗಾಗಿ ಭಯ ನೂರಕ್ಕೂ ಅಂಟಿಕೊಂಡಿತು. ಬೆಲೆ ಕುಸಿಯಿತು. ಬೇರಿಂಗಿಗೆ ಆ ಕೆಟ್ಟ ಹೆಸರು ಬಾರದಿದ್ದರೆ, ಬಾಡಿಗೆ ಮನೆಯಿಂದ ಶುರುಮಾಡಿದ ನನ್ನಂಥವನ ಗ್ಯಾರೇಜಿಗೆ ಈ ಕಾರು ಬರುತ್ತಲೇ ಇರಲಿಲ್ಲ.

ಆದರೆ ಇಳಿಯುವುದು ಕಾರಿನ ಬೆಲೆ ಮಾತ್ರ, ಬಿಡಿಭಾಗಗಳದ್ದಲ್ಲ. 50,000 ಡಾಲರಿನ ಕಾರಿಗೆ ಯಾವ ಬ್ರೇಕು ಬೇಕೋ 12,000ದ ಕಾರಿಗೂ ಅದೇ ಬ್ರೇಕು. ಮುಂದಿನ ಟೈರಿನ ಅಳತೆ ಬೇರೆ, ಹಿಂದಿನದು ಬೇರೆ, ಅದಲುಬದಲು ಮಾಡಿ ಸವೆತ ಹಂಚುವ ಉಪಾಯ ನಡೆಯದು. ಎಣ್ಣೆ ಎಂಟು ಲೀಟರಿಗೂ ಮೇಲೆ ಕುಡಿಯುತ್ತದೆ. ಬೇರಿಂಗ್ ಬದಲಿಸಬೇಕೆಂದರೆ ಗೇರ್‌ಬಾಕ್ಸ್ ಇಳಿಸಬೇಕು. ಇಳಿಸಿದ ಮೇಲೆ ಕ್ಲಚ್ಚನ್ನೂ ಹಿಂದಿನ ಎಣ್ಣೆ ಸೀಲನ್ನೂ ಬದಲಿಸದೆ ಮುಚ್ಚುವುದು ದಡ್ಡತನ. ಮೊದಲ ವರ್ಷವೇ ಅದಕ್ಕೆ 3,200 ಡಾಲರ್ ಹೋಯಿತು. ಮುರಿದದ್ದು ಏನೂ ಇರಲಿಲ್ಲ, ಮುರಿಯದಿರಲಿ ಎಂದು ಕೊಟ್ಟ ದುಡ್ಡು ಅದು. ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ಡಾಲರನ್ನು ರೂಪಾಯಿಗೆ ಗುಣಿಸುವ ಚಟ ಬಿಟ್ಟಿಲ್ಲ. ಆ ಸಂಜೆ ಮಾತ್ರ ಗುಣಿಸಲು ಹೋಗಲಿಲ್ಲ.

ಕೆಲಸ ಮಾಡಿಕೊಟ್ಟ ಮೆಕ್ಯಾನಿಕ್ ವಯಸ್ಸಾದವರು, ಮಾತು ಕಡಿಮೆ. ಚಳಿಗಾಲಕ್ಕೆ ಕಾರಿನ ಮೇಲೆ ಹೊದಿಕೆ ಹಾಕಿ ಐದು ತಿಂಗಳು ನಿಲ್ಲಿಸುವ ನನ್ನ ಯೋಜನೆ ಹೇಳಿದಾಗ ಮಾತ್ರ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಜೋಪಾನ ಮಾಡಿ ನಿಲ್ಲಿಸಿಟ್ಟ ಕಾರುಗಳೇ ತಮ್ಮ ಬಳಿ ಹೆಚ್ಚು ಬರುವುದು ಎಂದರು. ನಿಂತ ಎಣ್ಣೆಯಲ್ಲಿ ತೇವ ಸೇರುತ್ತದೆ, ಬೇರಿಂಗ್ ಅದರಲ್ಲೇ ಕೂತಿರುತ್ತದೆ. ದಿನಾ ಓಡಿಸುವವರ, ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಚೆನ್ನಾಗಿ ಏರಿಸುವವರ, ಬೇಗ ಬೇಗ ಎಣ್ಣೆ ಬದಲಿಸುವವರ ಕಾರುಗಳು ಬಾಳುತ್ತವಂತೆ. ಕಡಿಮೆ ಓಡಿದ ಗಾಡಿ ಎಂದರೆ ಒಳ್ಳೆಯ ಗಾಡಿ ಎಂದೇ ನಂಬಿ ಬೆಳೆದವನಿಗೆ ಇದು ತಲೆಕೆಳಗಾದ ಮಾತು. ಹಳೇ ಗಾಡಿ ಕೊಳ್ಳುವಾಗ ನಾವು ಮೊದಲು ಬಗ್ಗಿ ನೋಡುವುದೇ ಮೀಟರನ್ನಲ್ಲವೇ?

ಅಂದಿನಿಂದ ರಸ್ತೆಯ ಮೇಲೆ ಉಪ್ಪಿಲ್ಲದ ದಿನ ತರಕಾರಿಗೂ ಅದೇ ಕಾರು. ನನ್ನ ಹೆಂಡತಿ ಶಿವಮೊಗ್ಗದಲ್ಲಿ ಮಾರುತಿ ಓಮ್ನಿಯಲ್ಲಿ ಡ್ರೈವಿಂಗ್ ಕಲಿತವಳು. ಪಕ್ಕದ ಮನೆಯ ಹುಡುಗನಿಗೆ ಕ್ಲಚ್ ಎಂದರೇನೆಂದೇ ಗೊತ್ತಿಲ್ಲ, ಇವಳು ಮೊದಲ ದಿನವೇ ಒಮ್ಮೆಯೂ ಆಫ್ ಮಾಡದೆ ಇಳಿಜಾರಿನಲ್ಲಿ ಎತ್ತಿದಳು. ಕೊತ್ತಂಬರಿ ಕಟ್ಟು ಮುಂದಿನ ಡಿಕ್ಕಿಯಲ್ಲಿ, ಅಕ್ಕಿ ಮೂಟೆ ಹಿಂದಿನದರಲ್ಲಿ.

ಲೆಕ್ಕ ಬರೆಯುವವಳೂ ಅವಳೇ. ಕಳೆದ ವರ್ಷ ಮಗಳು ಕಾಲೇಜಿಗೆ ಹೊರಟಾಗ ಆ ಪುಸ್ತಕ ಊಟದ ಮೇಜಿಗೆ ಬಂತು. ಪೆಟ್ರೋಲು, ವಿಮೆ ಬಿಟ್ಟು ಆರು ವರ್ಷದ ಪೋಷಣೆಗೆ ಸುಮಾರು 11,500 ಡಾಲರ್, ಹೆಚ್ಚೂಕಡಿಮೆ ಕೊಂಡಷ್ಟೇ. ತಿಂಗಳಿಗೆ 160. ನಾನು ವಾದ ಸಿದ್ಧಮಾಡಿಕೊಂಡಿದ್ದೆ: ಅದೇ ವರ್ಷ ಹೊಸದಾಗಿ ಕೊಂಡ ನಮ್ಮ ಮನೆಯ ದೊಡ್ಡ ಕಾರು ಸುಮ್ಮನೆ ಹಳೆಯದಾಗಿಯೇ 20,000 ಕಳೆದುಕೊಂಡಿದೆ, ಇದರ ಬೆಲೆ ಕೊಂಡಲ್ಲೇ ನಿಂತಿದೆ.

"ಅದು ದಿನಾ ಕೆಲಸಕ್ಕೆ ಹೋಗುತ್ತೆ ಕಣ್ರೀ" ಅಂದಳು. "ಇದು ಸಂತೆಗೆ ಹೋಗುತ್ತೆ."

ಉತ್ತರ ಹೊಳೆಯಲಿಲ್ಲ. ಅವಳೇ ಸ್ವಲ್ಪ ಹೊತ್ತು ಪುಟ ತಿರುವಿ, ಇಟ್ಟುಕೊಳ್ಳೋಣ ಅಂದಳು, ಆದರೆ ಷರತ್ತಿನ ಮೇಲೆ. ಇಂಜಿನ್ ಹೋದರೆ ಬೇರೆ ಇಂಜಿನ್ನಿನ ಮಾತೆತ್ತುವಂತಿಲ್ಲ. ಹೇಗಿದೆಯೋ ಹಾಗೇ ಮಾರಿ, ಬಂದ ದುಡ್ಡು ಮಗಳ ಫೀಸಿಗೆ. ಪುಸ್ತಕದಲ್ಲಿ ಅದನ್ನು ಬರೆದೇ ಬಿಟ್ಟಳು, ತಾರೀಖು ಹಾಕಿ.

ಹೊಸ ಬೇರಿಂಗಿಗೂ ಆಯಸ್ಸು ಎಂಬುದೊಂದಿದೆ. ಹಾಗಾಗಿ ಎಣ್ಣೆ ಬದಲಿಸಿದಾಗಲೆಲ್ಲ ಹಳೇ ಫಿಲ್ಟರನ್ನು ಕೊಯ್ದು, ಅದರ ಕಾಗದವನ್ನು ಮಡಿಕೆ ಮಡಿಕೆಯಾಗಿ ಬಿಡಿಸಿ ಬಿಸಿಲಿಗೆ ಹಿಡಿಯುತ್ತೇವೆ. ಕಂದು ಚೂರು ಕಂಡರೆ ಚೈನಿನ ಪಟ್ಟಿಯ ಪ್ಲಾಸ್ಟಿಕ್ಕು. ಮಿನುಗುವ ಚೂರು ಕಂಡು, ಅದು ಆಯಸ್ಕಾಂತಕ್ಕೆ ಅಂಟಿದರೆ ಉಕ್ಕು. ಮೊರದಲ್ಲಿ ಅಕ್ಕಿ ಆರಿಸಿದವಳ ಕಣ್ಣು ನನಗಿಂತ ಚುರುಕು. ಕಳೆದ ಭಾನುವಾರ ಕನ್ನಡಕ ಹಣೆಗೇರಿಸಿ ಕೊನೆಯ ಮಡಿಕೆಯವರೆಗೂ ನೋಡಿ, ಎಣ್ಣೆಯ ಕೈಯಲ್ಲೇ ಪುಸ್ತಕ ತೆಗೆದು, "ಏನಿಲ್ಲ" ಎಂದು ಬರೆದಳು.